ಹೊಳೆಗೆ ಬಿಟ್ಟ ಮೀನು ಮರಿ ಬದುಕುತ್ತದೆಯೇ?



ಮೊನ್ನೆ ಕಾವೇರಿ ದಡದ ಒಂದು ಹಳ್ಳಿಗೆ ಭತ್ತದ ಒಟ್ಲು ನೋಡಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಅರಳಿಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ಹಿರಿಯ ಗೌಡರೊಬ್ಬರು ಒಂದು ಮಾತು ಕೇಳಿದರು.

"ಸ್ವಾಮಿ, ನಮ್ಮ ಚಿಕ್ಕಂದಿನಲ್ಲಿ ಈ ಮಡುವಿನಲ್ಲಿ ಆಳುದ್ದದ ಬಿಳಿ ಮೀನು ಇರ್ತಿದ್ದವು. ಈಗ ಕಣ್ಣಿಗೇ ಬೀಳೋದಿಲ್ಲ. ಚಂದಾ ಎತ್ತಿ ಒಂದು ಗಾಡಿ ಮರಿ ತಂದು ಹೊಳೆಗೆ ಬಿಡೋಣ ಅಂತ ಹುಡುಗರು ಕುಣೀತಾವೆ. ಬಿಟ್ಟರೆ ಬದುಕ್ತವಾ?"

ನಾನು ಬೇಸಾಯದ ಕಡೆಯವನು. ಆ ಹೊತ್ತಿಗೆ ತೋಚಿದ್ದನ್ನು ಹೇಳಿ ಬಂದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಮೀನಿನ ವಿಷಯ ತಿಳಿದವರನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ಈ ದಿನ ನಿಮ್ಮ ಮುಂದೆ ಇಡುತ್ತೇನೆ. ಗೌಡರ ಪ್ರಶ್ನೆಗೆ ಉತ್ತರ ಎರಡು ಭಾಗವಾಗಿದೆ. ಮೊದಲನೆಯದು, ಮರಿ ಬದುಕುತ್ತದೆಯೇ ಎಂಬುದು. ಎರಡನೆಯದು, ಬದುಕಿದರೆ ಏನಾಗುತ್ತದೆ ಎಂಬುದು. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಕೇಳಿ ಸುಮ್ಮನಾಗುತ್ತೇವೆ. ಎರಡನೆಯದನ್ನು ಕೇಳುವುದೇ ಇಲ್ಲ.

ಮೊದಲನೆಯದನ್ನು ನೋಡೋಣ. ಒಟ್ಲಿನಲ್ಲಿ ಬೆಳೆದ ಪೈರನ್ನು ಕಿತ್ತು ಗದ್ದೆಗೆ ನಾಟಿ ಹಾಕುತ್ತೇವೆ. ಕಿತ್ತ ಪೈರೆಲ್ಲ ಬೇರು ಹಿಡಿಯುತ್ತದೆಯೇ? ಪೈರು ತೀರ ಎಳೆಯದಾಗಿದ್ದರೆ, ಬಿಸಿಲಿನಲ್ಲಿ ಬಾಡಿದ್ದರೆ, ಗದ್ದೆ ಹದವಾಗಿಲ್ಲದಿದ್ದರೆ ಒಂದಷ್ಟು ಹೋಗುತ್ತದೆ. ಮೀನು ಮರಿಯೂ ಹಾಗೆಯೇ. ಸಾಕಣೆ ಕೇಂದ್ರದ ಕೊಳದಲ್ಲಿ ನೀರು ನಿಂತಿರುತ್ತದೆ. ಹೊತ್ತಿಗೆ ಸರಿಯಾಗಿ ತವುಡು ಹಿಂಡಿ ಬೀಳುತ್ತದೆ. ಶತ್ರುಗಳು ಇರುವುದಿಲ್ಲ. ಅಂಥ ಕಡೆ ಬೆಳೆದ ಮರಿಯನ್ನು ಒಂದೇ ದಿನದಲ್ಲಿ ಹರಿಯುವ ಹೊಳೆಗೆ ಹಾಕಿದರೆ ಅದರ ಗತಿ ಏನು? ಸೆಳವಿಗೆ ಎದುರು ಈಜಿ ಅದಕ್ಕೆ ಅಭ್ಯಾಸವಿಲ್ಲ. ಕಲ್ಲಿನ ಸಂದಿಯಲ್ಲಿ ಹುಳು ಹುಡುಕಿ ತಿಂದು ಗೊತ್ತಿಲ್ಲ. ಬಾಳೆ ಮೀನು ಬಾಯಿ ಕಳೆದು ಬಂದರೆ, ನೀರುಕಾಗೆ ಮುಳುಗಿ ಬಂದರೆ, ಓಡಿ ಅಡಗಿಕೊಳ್ಳುವ ಬುದ್ಧಿ ಅದಕ್ಕೆ ಇನ್ನೂ ಬಂದಿಲ್ಲ. ಬಿಟ್ಟ ಮೊದಲ ಕೆಲವು ದಿನಗಳೇ ಅದಕ್ಕೆ ಗಂಡಾಂತರದ ದಿನಗಳು.

ಮರಿ ಸಾಯಲು ನಮ್ಮ ಕೈಯ ತಪ್ಪೂ ಕಾರಣವಾಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರ ಕೃಷಿ ಹೊಂಡಕ್ಕೆ ನಾನೇ ಮುಂದೆ ನಿಂತು ಮರಿ ತರಿಸಿದ್ದೆ. ಗಾಡಿ ತಡವಾಗಿ ಬಂತು. ನಡು ಮಧ್ಯಾಹ್ನದ ಬಿಸಿಲು. ಬೇಗ ಮುಗಿಸಿ ಹೊರಡುವ ಆತುರದಲ್ಲಿ ಚೀಲ ಬಿಚ್ಚಿ ದಡದಿಂದಲೇ ಸುರಿಸಿಬಿಟ್ಟೆ. ಮಾರನೆಯ ಬೆಳಿಗ್ಗೆ ನೀರಿನ ಮೇಲೆ ಮರಿಗಳು ಮಲ್ಲಿಗೆ ಚೆಲ್ಲಿದ ಹಾಗೆ ಬೆಳ್ಳಗೆ ತೇಲುತ್ತಿದ್ದವು. ಆ ಮನೆಯ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಮಂಕರಿ ತಂದು ಬಳಿದು ತಿಪ್ಪೆಗೆ ಹಾಕಿದರು. ಅವರು ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಆಗ ಕಲಿತದ್ದನ್ನು ಹೇಳುತ್ತೇನೆ, ಕೆರೆ ಹೊಂಡ ಇರುವವರು ನೆನಪಿಟ್ಟುಕೊಳ್ಳಿ. ಮರಿ ಬಿಡುವ ಕೆಲಸ ಬೆಳಗಿನ ತಂಪಿನಲ್ಲಾಗಲಿ, ಸಂಜೆಯ ತಂಪಿನಲ್ಲಾಗಲಿ ಆಗಬೇಕು. ಚೀಲವನ್ನು ಬಿಚ್ಚದೆ ಹಾಗೆಯೇ ನೀರಿನ ಮೇಲೆ 15ರಿಂದ 20 ನಿಮಿಷ ತೇಲಬಿಡಿ. ಚೀಲದೊಳಗಿನ ನೀರಿನ ಕಾವು, ಹೊಂಡದ ನೀರಿನ ಕಾವು ಒಂದಾಗಲಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಬೊಗಸೆ ಬೊಗಸೆಯಾಗಿ ಚೀಲಕ್ಕೆ ಬೆರೆಸುತ್ತಾ ಹೋಗಿ. ಕೊನೆಗೆ ಚೀಲವನ್ನು ನೀರಿನಲ್ಲಿ ಓರೆ ಮಾಡಿ ಹಿಡಿಯಿರಿ. ಮರಿಗಳು ತಾವಾಗಿಯೇ ಈಜಿ ಹೊರಗೆ ಹೋಗಲಿ. ಎತ್ತಿ ಸುರಿಯಬೇಡಿ. ಮರಿಯೂ ತೀರ ಚಿಕ್ಕದಾಗಿರಬಾರದು. ಬೆರಳುದ್ದದ ಬಲಿತ ಮರಿಯಾದರೆ, ಅಂದರೆ 8ರಿಂದ 10 ಸೆಂಟಿಮೀಟರ್ ಇದ್ದರೆ, ಶತ್ರುವಿನ ಬಾಯಿಯಿಂದ ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕಿರುತ್ತದೆ. ಅಗ್ಗವೆಂದು ಸೊಳ್ಳೆಯಷ್ಟು ಗಾತ್ರದ ಮರಿ ತಂದು, ಸಾವಿರಗಟ್ಟಲೆ ಬಿಟ್ಟೆವೆಂದು ಲೆಕ್ಕ ಹೇಳಿದರೆ ಪ್ರಯೋಜನವಿಲ್ಲ. ಬಿಟ್ಟ ಲೆಕ್ಕ ಬೇರೆ, ಉಳಿದ ಲೆಕ್ಕ ಬೇರೆ.

ಹಾಗಾದರೆ ಹೊಳೆಗೆ ಬಿಟ್ಟ ಮೀನು ಬದುಕುವುದೇ ಇಲ್ಲವೆ? ಬದುಕುತ್ತದೆ. ಅದಕ್ಕೆ ದೂರದ ಇಂಗ್ಲೆಂಡ್ ದೇಶದ ಒಂದು ನಿದರ್ಶನವಿದೆ.

ಅಲ್ಲಿ ಬಾರ್ಬೆಲ್ ಎಂಬ ಒಂದು ಮೀನು ಇದೆ. ಬಾಯಿಯ ಬಳಿ ನಾಲ್ಕು ಮೀಸೆಗಳಿರುತ್ತವೆ. ಅದರಿಂದಲೇ ಆ ಹೆಸರು. ಗಡ್ಡ ಎಂಬರ್ಥದ ಹಳೆಯ ಲ್ಯಾಟಿನ್ ಮಾತಿನಿಂದ ಅದು ಬಂದಿದೆ. ಕಲ್ಲು ಜಲ್ಲಿಯ ತಳ, ಚೆನ್ನಾಗಿ ಹರಿಯುವ ನೀರು ಅದಕ್ಕೆ ಬೇಕು. ಜಲ್ಲಿಯಲ್ಲೇ ಅದು ಮೊಟ್ಟೆಯಿಡುತ್ತದೆ. ನಮ್ಮ ಬಿಳಿ ಮೀನು, ಎಂದರೆ ಮಹಶೀರ್, ಅದರ ದೊಡ್ಡ ದಾಯಾದಿ ಎನ್ನಬಹುದು. ನಮ್ಮ ಮೀನಿಗೂ ನಾಲ್ಕು ಮೀಸೆಗಳಿವೆ. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಎರಡನ್ನೂ ಬಾರ್ಬಸ್ ಎಂಬ ಒಂದೇ ಕುಲನಾಮದಿಂದ ಬರೆಯುತ್ತಿದ್ದರು.

ಇಂಗ್ಲೆಂಡಿನಲ್ಲಿ ಪೂರ್ವಕ್ಕೆ ಹರಿಯುವ ಹೊಳೆಗಳಲ್ಲಿ ಬಾರ್ಬೆಲ್ ಮೊದಲಿನಿಂದ ಇತ್ತು. ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿ ಇರಲಿಲ್ಲ. ಬಹಳ ಹಿಂದೆ ಆ ನಾಡು ಯೂರೋಪಿನ ನೆಲಕ್ಕೆ ಸೇರಿಕೊಂಡಿದ್ದಾಗ ಥೇಮ್ಸ್ ಮುಂತಾದ ಹೊಳೆಗಳಿಗೆ ರೈನ್ ನದಿಯ ಸಂಬಂಧವಿತ್ತು. ಆ ದಾರಿಯಲ್ಲಿ ಬಂದ ಮೀನು ಪೂರ್ವದ ಕಡೆಯೇ ನಿಂತಿತು. ಸೆವರ್ನ್ ಎಂಬುದು ಬ್ರಿಟನ್ನಿನ ಅತಿ ಉದ್ದದ ಹೊಳೆ. ಅದು ಪಶ್ಚಿಮದ ಕಡೆ ಕಡಲು ಸೇರುತ್ತದೆ. ಅಲ್ಲಿ ಬಾರ್ಬೆಲ್ ಇರಲಿಲ್ಲ. 1956ರಲ್ಲಿ ಗಾಳದವರ ಒಂದು ಪತ್ರಿಕೆಯ ಮುಂದಾಳುತನದಲ್ಲಿ, ಥೇಮ್ಸ್‌ನ ಉಪನದಿಯಾದ ಕೆನೆಟ್‌ನಿಂದ 509 ಬಾರ್ಬೆಲ್‌ಗಳನ್ನು ಹಿಡಿದು ತಂದು ಸೆವರ್ನ್‌ಗೆ ಬಿಟ್ಟರು.

509 ಎಂದರೆ ದೊಡ್ಡ ಸಂಖ್ಯೆಯಲ್ಲ. ಆದರೂ ಅವು ಹಿಡಿದುಕೊಂಡವು, ಮರಿ ಮಾಡಿದವು, ಉಪನದಿಗಳಿಗೂ ಹತ್ತಿದವು. ಇಂದು ಸೆವರ್ನ್ ಬಾರ್ಬೆಲ್ ಮೀನಿಗೆ ಹೆಸರಾದ ಹೊಳೆ. ಯಾತಕ್ಕೆ ಬದುಕಿದವು ನೋಡಿ. ಅವು ಕೊಳದಲ್ಲಿ ತವುಡು ತಿಂದು ಬೆಳೆದ ಮರಿಗಳಲ್ಲ, ಹೊಳೆಯಲ್ಲೇ ಬೆಳೆದು ಸೆಳವು ಕಂಡ ಮೀನುಗಳು. ಬಂದ ಜಾಗದಲ್ಲೂ ಅವಕ್ಕೆ ಒಪ್ಪುವ ಜಲ್ಲಿಯ ತಳ, ಹರಿವು ಎರಡೂ ಇದ್ದವು. ಒಟ್ಲಿನ ಪೈರೂ ಗಟ್ಟಿ, ಗದ್ದೆಯೂ ಹದ.

ಇಷ್ಟು ಕೇಳಿದರೆ, "ಹಾಗಾದರೆ ನಾವೂ ಬಿಡೋಣ" ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ವಲ್ಪ ತಾಳಿ. ಇದೇ ಬಾರ್ಬೆಲ್ ಮೀನನ್ನು ಇಟಲಿ ದೇಶದ ಹೊಳೆಗಳಿಗೂ ಬಿಟ್ಟಿದ್ದಾರೆ. ಅಲ್ಲಿಯೂ ಚೆನ್ನಾಗಿಯೇ ಬದುಕಿತು. ಆದರೆ ಆ ಹೊಳೆಗಳಲ್ಲಿ ಆ ನಾಡಿನದೇ ಆದ ಬಾರ್ಬೆಲ್ ಜಾತಿಗಳು ಇದ್ದವು. ಬಂದದ್ದು ಇದ್ದದ್ದರ ಜೊತೆ ಬೆರೆತು ಮಿಶ್ರ ತಳಿ ಹುಟ್ಟಿತು. ಎಷ್ಟೋ ಕಡೆ ನಾಡ ಜಾತಿ ಶುದ್ಧವಾಗಿ ಸಿಗುವುದೇ ಕಷ್ಟವಾಗಿದೆ. ಮೀನು ಒಂದೇ. ಒಂದು ಕಡೆ ಅತಿಥಿಯಾಗಿ ಬಂದು ಹೆಸರು ಮಾಡಿತು. ಇನ್ನೊಂದು ಕಡೆ ಮನೆಯವರನ್ನೇ ಮನೆಯಿಂದ ಹೊರಗೆ ಹಾಕುತ್ತಿದೆ. ವ್ಯತ್ಯಾಸ ಎಲ್ಲಿದೆ? ಅದಕ್ಕೆ ಹತ್ತಿರದ ನೆಂಟ ಮೊದಲೇ ಆ ಹೊಳೆಯಲ್ಲಿ ಇದ್ದನೋ ಇಲ್ಲವೋ ಎಂಬುದರಲ್ಲಿ.

ಈಗ ನಮ್ಮ ಕಾವೇರಿಗೆ ಬರೋಣ. ಗೌಡರು ಹೇಳಿದ ಆಳುದ್ದದ ಮೀನು ಕಟ್ಟುಕತೆಯಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಒಂದು ಸಿಮೆಂಟಿನ ಮೂಟೆಗಿಂತ ಹೆಚ್ಚು! ಬೆನ್ನು ಗೂನು ಬಂದಂತೆ ಎದ್ದಿರುವ, ಈಜುರೆಕ್ಕೆ ಮತ್ತು ಬಾಲ ಕಿತ್ತಳೆ ಬಣ್ಣವಿರುವ ಈ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವಂಥದು. ಜಗತ್ತಿನ ಬೇರೆ ಯಾವ ನೀರಿನಲ್ಲೂ ಸಹಜವಾಗಿ ಇಲ್ಲ.

ಆ ಮೀನು ಕಡಿಮೆಯಾಗುತ್ತಾ ಬಂತು. ಹೊಳೆಗೆ ಕಟ್ಟೆಗಳು ಬಂದವು. ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ದಾರಿ ಕಟ್ಟಾಯಿತು. ತೋಟಾ ಸಿಡಿಸಿ ಮೀನು ಹಿಡಿಯುವ ಕೆಟ್ಟ ಚಾಳಿ ಬಂತು. ಇದನ್ನು ನೋಡಿ ಮರುಗಿದವರು, ಮೀನು ಮತ್ತೆ ತುಂಬಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮರಿ ಬಿಡಲು ಹೊರಟರು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಮಹಶೀರ್ ಮರಿ ಮಾಡಿಸುತ್ತಿದ್ದರು. ಅದು ಸುಲಭದ ಕೆಲಸವಲ್ಲ. ಕಾಟ್ಲಾ ಮೀನಿನ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಮಹಶೀರ್ ಮೊಟ್ಟೆಗೆ ಮೂರು ನಾಲ್ಕು ದಿನ ಬೇಕು, ಅಷ್ಟೂ ಹೊತ್ತು ಹರಿಯುವ ಶುದ್ಧ ನೀರು ಬೇಕು. ಅಷ್ಟು ಶ್ರಮಪಟ್ಟು ಮಾಡಿದ ಮರಿಗಳು ಅನೇಕ ಹೊಳೆಗಳಿಗೆ, ಜಲಾಶಯಗಳಿಗೆ ಹೋದವು. ಕಾವೇರಿಗೂ ಬಂದವು.

ಆದರೆ ಲೋಣಾವಳದಲ್ಲಿ ಮಾಡಿಸುತ್ತಿದ್ದದ್ದು ಮಹಶೀರಿನ ಇನ್ನೊಂದು ಜಾತಿ. ಅದರ ಈಜುರೆಕ್ಕೆ ನೀಲಿ ಬಣ್ಣದ್ದು. ಅದನ್ನು 1839ರಲ್ಲಿ ಪುಣೆಯ ಕಡೆಯ ಹೊಳೆಯಿಂದ ಮೊದಲು ವರ್ಣಿಸಿದ್ದರು. ಆ ಹೊಳೆ ಕೃಷ್ಣೆಗೆ ಸೇರುವ ನೀರು. ಎಲ್ಲವೂ ಮಹಶೀರೇ ತಾನೆ, ಮೀಸೆ ಇದೆ, ಹುರುಪೆ ದೊಡ್ಡದಿದೆ ಎಂದುಕೊಂಡರು. ಅಮೃತಮಹಲ್ ದನವೂ ದನವೇ, ಜರ್ಸಿಯೂ ದನವೇ ಎಂದ ಹಾಗಾಯಿತು.

ಬಿಟ್ಟ ಮರಿ ಬದುಕಿತೇ? ಚೆನ್ನಾಗಿ ಬದುಕಿತು. ಇದಕ್ಕೆ ದಾಖಲೆ ಇದೆ. ಶಿವನಸಮುದ್ರದಿಂದ ಕೆಳಗೆ ಗಾಳಿಬೋರೆಯಲ್ಲಿ ಗಾಳ ಹಾಕುವವರ ಒಂದು ಶಿಬಿರವಿತ್ತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಸಹಿತ ಹೊಳೆಗೇ ಬಿಡುವುದು ಅಲ್ಲಿನ ನಿಯಮ. 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಪುಸ್ತಕಗಳನ್ನು ವಿಜ್ಞಾನಿಗಳು ತೆಗೆದು ನೋಡಿದರು. 6161 ಮೀನುಗಳ ಲೆಕ್ಕ ಸಿಕ್ಕಿತು. ವರ್ಷ ಕಳೆದಂತೆ ಗಾಳಕ್ಕೆ ಬೀಳುವ ಮೀನು ಹೆಚ್ಚಾಗುತ್ತಾ ಬಂದಿತ್ತು. ಮೇಲುನೋಟಕ್ಕೆ ಸಂತೋಷದ ಸುದ್ದಿ.

ಆದರೆ ನೀಲಿ ರೆಕ್ಕೆಯದನ್ನು ಒಂದು ಕಡೆ, ಕಿತ್ತಳೆ ರೆಕ್ಕೆಯದನ್ನು ಒಂದು ಕಡೆ ಬೇರ್ಪಡಿಸಿ ನೋಡಿದಾಗ ಸಂಗತಿ ಬೇರೆಯೇ ಆಯಿತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯ ಹೊರಗಿನ ಮೀನು. ನಮ್ಮ ಗೂನು ಬೆನ್ನಿನ ಮೀನು ವರ್ಷ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಅದರಲ್ಲೂ ಸಿಕ್ಕವು ದೊಡ್ಡ ದೊಡ್ಡ ಮುದಿ ಮೀನುಗಳೇ ಹೊರತು ಚಿಕ್ಕವು ಇಲ್ಲ. ಒಂದು ಊರಿಗೆ ಹೋಗಿ ನೋಡಿದಾಗ ಜಗಲಿಯ ಮೇಲೆಲ್ಲ ಮುದುಕರೇ ಕೂತಿದ್ದು, ಯಾವ ಮನೆಯಲ್ಲೂ ತೊಟ್ಟಿಲು ಇಲ್ಲದಿದ್ದರೆ ಆ ಊರಿನ ಮುಂದಿನ ಗತಿ ಏನೆಂದು ಹೇಳಬೇಕೆ?

ಇದಕ್ಕೆಲ್ಲ ಹೊರಗಿನ ಮೀನೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಕಟ್ಟೆ, ತೋಟಾ, ಮರಳು ತೆಗೆಯುವುದು, ಬೇಸಿಗೆಯಲ್ಲಿ ನೀರು ಬತ್ತುವುದು, ಎಲ್ಲವೂ ಸೇರಿದೆ. ಆದರೆ ಬಲ ಕುಂದಿದವನ ಮನೆಗೆ ಬಲಿಷ್ಠ ದಾಯಾದಿಯನ್ನು ನಾವೇ ಕರೆತಂದು ಕೂರಿಸಿದ ಹಾಗಾಯಿತು. ಎರಡಕ್ಕೂ ಬೇಕಾದ ಮಡು ಒಂದೇ, ಮೇವು ಒಂದೇ.

ಇನ್ನೂ ಒಂದು ಸೋಜಿಗ ಕೇಳಿ. ಇಷ್ಟು ಹೆಸರಾದ ನಮ್ಮ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಯಾವುದೆಂದು ಖಚಿತವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ಎಂಬ ಕಾವೇರಿಯ ಉಪನದಿಯಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರಮಾದೇವಿ ಎಂಬ ಜಾತಿಯೇ ಇದು ಎಂದು ಆಗ ತಿಳಿಯಿತು. ಅದೇ ವರ್ಷ ಅದು ನಾಶದ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅತ್ಯಂತ ಅಪಾಯದ ದರ್ಜೆಗೆ ಸೇರಿತು. ಹೆಸರು ಗೊತ್ತಾಗುವ ಮೊದಲೇ ಅದರ ಜಾಗಕ್ಕೆ ಇನ್ನೊಂದನ್ನು ಬಿಟ್ಟಾಗಿತ್ತು. ಮೋಯಾರ್ ಹೊಳೆಯಲ್ಲಿ ಇನ್ನೂ ಕೆಲವು ಉಳಿದಿವೆ ಎಂಬುದೊಂದೇ ಸಮಾಧಾನ.

ಬಾಂಧವರೆ, ಇದು ನಮಗೆ ಹೊಸ ಪಾಠವಲ್ಲ. ಲಾಂಟಾನ ಬೇಲಿಗೆ ಚೆಂದವೆಂದು ಬಂತು, ಇಂದು ಕಾಡೆಲ್ಲ ಅದೇ. ಜಿಲೇಬಿ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು. ಅದು ಹೊಕ್ಕ ಕೆರೆಗಳಲ್ಲಿ ಅಂಗೈಯಗಲದ ಮರಿಗಳೇ ತುಂಬಿಕೊಂಡು ಬೇರೆ ಮೀನಿಗೆ ಮೇವಿಲ್ಲದಂತಾದದ್ದನ್ನು ನಿಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದೀರಿ. ಬದುಕದೆ ಹೋದ ಮರಿಯಿಂದ ನಮ್ಮ ದುಡ್ಡು ಮಾತ್ರ ಹೋಗುತ್ತದೆ. ಬದುಕಬಾರದ ಕಡೆ ಬದುಕಿದ ಮರಿಯನ್ನು ಮತ್ತೆ ಹೊಳೆಯಿಂದ ಹೆಕ್ಕಿ ತೆಗೆಯಲು ಯಾರಿಂದಲೂ ಆಗದು.

ಹಾಗಾದರೆ ಮೀನು ಸಾಕಲೇ ಬಾರದೆ ಎಂದು ಕೇಳುವಿರಿ. ಅವಶ್ಯ ಸಾಕಿ. ಆದರೆ ಕೆರೆ ಹೊಂಡಗಳು ಹೊಲವಿದ್ದ ಹಾಗೆ, ಹೊಳೆ ಕಾಡಿದ್ದ ಹಾಗೆ. ಹೊಲದಲ್ಲಿ ಬಿತ್ತಿ ಬೆಳೆಯುವುದು ಸರಿ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ಹೊಳೆಗಳಿಂದ ಬಂದ ಮೀನುಗಳೇ. ಕೆರೆಯಲ್ಲಿ ಬಿತ್ತಿ ಬೆಳೆದು ಹಿಡಿದು ತಿನ್ನುತ್ತೇವೆ, ಮಾರುತ್ತೇವೆ. ಮನೆಯ ಮಕ್ಕಳಿಗೆ ಒಳ್ಳೆಯ ಆಹಾರ, ಕೈಗೆ ನಾಲ್ಕು ಕಾಸು. ಆದರೆ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಕೆರೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಕೋಡಿಗೆ ಜಾಲರಿ ಕಟ್ಟಿ. ಬೇಗ ಬೆಳೆಯುತ್ತದೆಂದು ಯಾರಾದರೂ ಆಫ್ರಿಕಾದ ಕ್ಯಾಟ್‌ಫಿಶ್ ಮರಿ ತಂದುಕೊಟ್ಟರೆ ಮುಟ್ಟಬೇಡಿ. ಅದು ಇತರ ಮೀನುಗಳನ್ನು ತಿಂದು ಹಾಕುತ್ತದೆ. ಸರ್ಕಾರ ಅದನ್ನು ನಿಷೇಧಿಸಿದೆ.

ಹೊಳೆಯ ವಿಷಯಕ್ಕೆ ಬಂದರೆ, ಮರಿ ಬಿಡುವ ಮಾತು ಊರಲ್ಲಿ ಎದ್ದಾಗ ಮೂರು ಪ್ರಶ್ನೆ ಕೇಳಿ. ಒಂದು, ಈ ಮರಿ ಇದೇ ಹೊಳೆಯ ತಳಿಯೇ? ಎರಡು, ಮೊದಲಿದ್ದ ಮೀನು ಕಡಿಮೆಯಾಗಲು ಏನು ಕಾರಣ, ಆ ಕಾರಣ ಹೋಯಿತೇ? ಮಡುವಿನಲ್ಲಿ ತೋಟಾ ಸಿಡಿಯುತ್ತಲೇ ಇದ್ದರೆ ಹೊಸ ಮರಿ ಬಿಟ್ಟೇನು ಫಲ? ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ. ಮೂರು, ಬಿಟ್ಟ ಮೇಲೆ ಬದುಕಿತೋ ಇಲ್ಲವೋ ಎಂದು ನೋಡುವವರು ಯಾರು? ಕುರಿಗೆ ಗುರುತು ಹಾಕಿದಂತೆ ಮರಿಯ ಈಜುರೆಕ್ಕೆಯ ತುದಿ ಕತ್ತರಿಸಿ ಗುರುತು ಮಾಡಿ ಬಿಡುವ ಕ್ರಮವಿದೆ. ಗುರುತಿಲ್ಲದೆ ಬಿಟ್ಟರೆ ಮುಂದೆ ಸಿಕ್ಕ ಮೀನು ನಾವು ಬಿಟ್ಟದ್ದೋ, ಹೊಳೆಯದೇ ಸಂತಾನವೋ ತಿಳಿಯದು. ಈ ಮೂರಕ್ಕೂ ಸರಿಯಾದ ಉತ್ತರ ಬೇಕು. ಅಲ್ಲದೆ ಮೀನುಗಾರಿಕೆ ಇಲಾಖೆಯವರನ್ನು ಕೇಳದೆ ಹೊಳೆಗೆ ಯಾವ ಮರಿಯನ್ನೂ ಬಿಡಬೇಡಿ.

ಬಿಡುವುದಕ್ಕಿಂತ ಕಾಯುವುದು ಮೇಲು. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ತುಂಗೆಯ ದಡದ ಶೃಂಗೇರಿಯಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಮಡುವಿನ ಮೀನನ್ನು ದೇವರ ಮೀನೆಂದು ಯಾರೂ ಮುಟ್ಟದೆ ಉಳಿಸಿದರು. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಯಾರೋ ದುರುಳರು ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅತ್ತರು, ಆದರೆ ಕಾಯುವುದನ್ನು ಬಿಡಲಿಲ್ಲ. ಇಂದು ಅಲ್ಲಿಗೆ ಹೋದವರ ಕಣ್ಣಿಗೆ ಮತ್ತೆ ಮೀನಿನ ಹಿಂಡು ಬೀಳುತ್ತದೆ.

ನೀವೂ ನಿಮ್ಮ ಊರ ಮುಂದಿನ ಒಂದು ಮಡುವನ್ನು ಹೀಗೆ ಕಾಯಬಹುದು. ಬೇಸಿಗೆಯಲ್ಲಿ ಮೀನೆಲ್ಲ ಮಡುವಿಗೆ ಸೇರಿಕೊಂಡಾಗ ಬಲೆ ಬಿಡಬೇಡಿ. ಮುಂಗಾರಿನಲ್ಲಿ ಹೊಸ ನೀರಿಗೆ ಮೀನು ಮೊಟ್ಟೆ ಹೊತ್ತು ಮೇಲಕ್ಕೆ ಹತ್ತುವಾಗ ಅಡ್ಡ ಕಟ್ಟಿ ಹಿಡಿಯಬೇಡಿ. ಬಸುರಿಯನ್ನು ಹೊಡೆದಷ್ಟೇ ಪಾಪ ಅದು. ತೋಟಾ ಹಾಕುವುದು, ವಿಷ ಬೆರೆಸುವುದು 1897ರಷ್ಟು ಹಿಂದಿನ ಕಾನೂನಿನಲ್ಲೇ ಅಪರಾಧವಾಗಿತ್ತು, ಇಂದೂ ಅಪರಾಧವೇ. ಬೆಳೆಗೆ ಔಷಧಿ ಹೊಡೆದ ಡಬ್ಬಿಯನ್ನು, ಪಂಪನ್ನು ಹೊಳೆಯಲ್ಲಿ ತೊಳೆಯಬೇಡಿ. ಈ ಮಾತು ನನ್ನ ಇಲಾಖೆಗೇ ಸೇರಿದ್ದು, ಆದ್ದರಿಂದ ಒತ್ತಿ ಹೇಳುತ್ತೇನೆ.

ಇದನ್ನೆಲ್ಲ ತಿಳಿದುಕೊಂಡ ಮೇಲೆ ಇನ್ನೊಮ್ಮೆ ಆ ಹಳ್ಳಿಗೆ ಹೋಗಿ ಗೌಡರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡುತ್ತಾ ಕೂತಿದ್ದು ಅಂದರು: "ಹಾಗಾದ್ರೆ ಸ್ವಾಮಿ, ಮರಿ ತರೋಕೆ ಒಂದು ದಿನ ಸಾಕು. ಮಡು ಕಾಯೋಕೆ ವರ್ಷವೆಲ್ಲ ಬೇಕು ಅನ್ನಿ."

"ಹೌದು ಗೌಡರೆ, ಅಷ್ಟೇ" ಎಂದೆ.

ಚಂದಾ ಎತ್ತುತ್ತೇವೆಂದಿದ್ದ ಹುಡುಗರು ಪಕ್ಕದಲ್ಲೇ ಇದ್ದರು. ಸರದಿಯ ಮೇಲೆ ಮಡು ಕಾಯುವುದಕ್ಕೆ ಅವರನ್ನೇ ಕೇಳಿದ್ದೇನೆ. ನಿಮ್ಮ ಊರಿನಲ್ಲೂ ಅಂಥ ಹುಡುಗರಿದ್ದಾರೆ. ಈ ಸಂಜೆ ಅವರನ್ನು ಕರೆದು ಈ ಮಾತು ತಿಳಿಸಿ.